ತುಟಿ ಸೋತ ಮೇಲೆ ಕೊಂಡ ಟಿನ್ ವಿಸಲ್

ಊದಿದೆ. ಗಾಳಿ ಎಡಗಡೆ ತುಟಿಯ ಮೂಲೆಯಿಂದ ಪುಸ್ ಎಂದು ಹೊರಗೆ ಹೋಯಿತು. ಅದರ ಜೊತೆ ಜೊಲ್ಲೂ.

ನಿನ್ನೆ, ಧಾರವಾಡದ ಒಂದು ವಾದ್ಯದ ಅಂಗಡಿಯಲ್ಲಿ, ಮೂರು ಜನ ಗಿರಾಕಿಗಳ ಎದುರು. ನಾನು ಕರ್ಚೀಫು ಹುಡುಕುವಷ್ಟರಲ್ಲಿ ತಂಗಿ ಗಂಗಾ ನನಗೆ ಅಡ್ಡವಾಗಿ ಬಂದು ನಿಂತಳು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ನೋಡಿದರೆ ಮುಖದ ಎಡಭಾಗ ಜೋತುಬಿದ್ದಿತ್ತು. ಮುಖ ಬಹುಪಾಲು ಸರಿಹೋಯಿತು, ತುಟಿ ಮಾತ್ರ ಇನ್ನೂ ಮಾತು ಕೇಳುತ್ತಿಲ್ಲ.

ಇಪ್ಪತ್ತು ವರ್ಷ ಊದಿದ ಬಿದಿರಿನ ಕೊಳಲು ಈಗ ನನ್ನ ಕೈಯಲ್ಲಿ ಬರೀ ಕೋಲು.

ಗಂಗಾ ಭಜನೆ ಹಾಡುತ್ತಾಳೆ, ನಾನು ಪಕ್ಕದಲ್ಲಿ ಕೊಳಲು. ಈ ಭಾನುವಾರ ಅವಳ ಕಾರ್ಯಕ್ರಮ. ಬೇರೆ ಯಾರನ್ನಾದರೂ ಕರೆದುಕೋ ಎಂದೆ... ಹಟಮಾರಿ, ಕೇಳಲಿಲ್ಲ.

ಟಿನ್ ವಿಸಲ್ ಎಂಬ ಸಣ್ಣ ಲೋಹದ ಕೊಳಲಿದೆ. ಅದಕ್ಕೂ ಆರೇ ತೂತು. ಪೀಪಿಯ ಹಾಗೆ ಬಾಯಲ್ಲಿಟ್ಟು ಊದಿದರಾಯಿತು, ತುಟಿಯನ್ನು ಹದ ಮಾಡುವ ಕೆಲಸವಿಲ್ಲ. ಅದು ಕೂಡ ನುಡಿಯದಿದ್ದರೆ ಊದುವುದನ್ನೇ ಬಿಡುವುದೆಂದು ಮನಸ್ಸಿನಲ್ಲೇ ನಿರ್ಧರಿಸಿದ್ದೆ.

ಅಂಗಡಿಯ ಕಾಕಾಗೆ "ಬಿಳಿ ಐದರದು ಕೊಡ್ರಿ" ಎಂದಿದ್ದೆ. ಹಾರ್ಮೋನಿಯಂನ ಐದನೇ ಬಿಳಿ ಕೀ, ಅದು ಗಂಗಾಳ ಶ್ರುತಿ.

ಕಾಕಾ ಏನೂ ಆಗಿಲ್ಲವೆಂಬಂತೆ ವಿಸಲನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ ಮತ್ತೆ ಕೊಟ್ಟರು. ಮೇಲಿನ ಮೂರು ತೂತು ಮುಚ್ಚಿ 'ಸ' ಹಿಡಿದೆ, ಬಲಗೈ ಬೆರಳಿನಿಂದ ತುಟಿಯ ಮೂಲೆ ಒತ್ತಿಕೊಂಡೆ.

ನಾದ ಬಂತು. ಆದರೆ ಗಂಗಾ ಗುನುಗಿದ 'ಸ' ಎಲ್ಲೋ, ನನ್ನದು ಇನ್ನೆಲ್ಲೋ.

ಮೆತ್ತಗೆ ಊದಿದೆ, ಜೋರಾಗಿ ಊದಿದೆ. ಸೇರಲೇ ಇಲ್ಲ. ತುಟಿ ಹೋಯಿತು, ಈಗ ಕಿವಿಯೂ ಹೋಯಿತೇ?

"ನಡಿ, ಮನಿಗೆ ಹೋಗೂಣು" ಎಂದೆ.

ಗಂಗಾ ಕದಲಲಿಲ್ಲ. "ಅಣ್ಣಾ, ಆರೂ ಮುಚ್ಚಿ ಊದು" ಎಂದಳು.

ಊದಿದೆ. ಅವಳ 'ಸ' ಅಲ್ಲಿತ್ತು!

"ಬಿದಿರಿನವ್ರು ಎಲ್ಲಾರೂ ಹಿಂಗ ಕೇಳ್ತಾರ್ರಿ" ಎಂದು ಕಾಕಾ ನಕ್ಕರು. ನಮ್ಮ ಕೊಳಲಿನ ಶ್ರುತಿ ಎಂದರೆ ಮೂರು ತೂತು ಮುಚ್ಚಿದಾಗ ಬರುವ ಸ್ವರ. ವಿಸಲಿನ ಲೆಕ್ಕ ಆರೂ ಮುಚ್ಚಿದಾಗಿನ ಸ್ವರದ್ದು. ನನ್ನ ಬೆರಳಿನ ರೂಢಿಯಂತೆ ಮೂರು ಮುಚ್ಚಿದಾಗ ಗಂಗಾಳ 'ಸ' ಬರಲು ಬೇಕಿದ್ದದ್ದು ಬಿಳಿ ಎರಡು. ಇಪ್ಪತ್ತು ವರ್ಷದ ವಿದ್ವಾಂಸನಿಗೆ ಇಷ್ಟು ಗೊತ್ತಿರಲಿಲ್ಲ ನೋಡಿ.

ಕಾಕಾ ಬಿಳಿ ಎರಡರವು ಎರಡು ತಂದಿಟ್ಟರು.

ಒಂದು ಹಿತ್ತಾಳೆಯದು. ಅಬ್ಬಾ, ಅದರ ನಾದ! ದುಂಡಗೆ, ತುಂಬಿಕೊಂಡು, ಹೆಚ್ಚುಕಡಿಮೆ ನನ್ನ ಬಿದಿರೇ. ಆದರೆ ಉಸಿರನ್ನು ತಳ್ಳಿ ತಳ್ಳಿ ಊದಬೇಕು. ಎರಡು ಸಾಲು ಮುಗಿಯುವುದರೊಳಗೆ ತುಟಿ ನಡುಗಿ ಮತ್ತೆ ಗಾಳಿ ಸೋರಿತು.

ಇನ್ನೊಂದು ತಗಡಿನದು. ತೆಳ್ಳನೆಯ, ತುಸು ಚೀರುವ ದನಿ. ಆದರೆ ಉಸಿರು ಸೋಕಿದರೆ ಸಾಕು, ನುಡಿಯುತ್ತದೆ.

ಕಣ್ಣು ಮುಚ್ಚಿ ನಮ್ಮ ಭಜನೆ ಶುರು ಮಾಡುತ್ತೇನೆ. ಮೊದಲ ಸಾಲು... ಎರಡನೆಯದು... ಈಗ ಸೋರುತ್ತದೆ, ಈಗ ಸೋರುತ್ತದೆ ಎಂದು ಕಾಯುತ್ತಲೇ ಇದ್ದೇನೆ. ಮೂರನೆಯ ಸಾಲಿಗೆ ಗಂಗಾ ಮೆಲ್ಲಗೆ ದನಿಗೂಡಿಸುತ್ತಾಳೆ.

ಕೊನೆ ಮುಟ್ಟಿದೆವು. ಸೋರಲಿಲ್ಲ.

"ಹಿತ್ತಾಳಿದು ಛಲೋ ಐತಿ ಅಲ್ಲಾ?" ಎಂದೆ, ಆಸೆ ಬಿಡಲಾರದೆ.

"ಛಲೋ ಐತಿ, ಖರೇ. ಆದ್ರ ಅದರಾಗ ನೀ ಅರ್ಧಕ್ಕ ನಿಂತಿ ಅಣ್ಣಾ. ನನಗ ಕಡೀತನಕಾ ಊದಾಂವ ಬೇಕು" ಎಂದಳು.

ತಗಡಿನದನ್ನೇ ತಂದೆ. ಆ ಹಿತ್ತಾಳೆಯ ನಾದ ಇನ್ನೂ ಕಿವಿಯಲ್ಲಿದೆ, ಸುಳ್ಳು ಹೇಳುವುದಿಲ್ಲ.

ನನ್ನ ಕೊಳಲಿನ ನಾದಕ್ಕೆಂದೇ ಬರುತ್ತಿದ್ದವರೇ, ಭಾನುವಾರ ಆ ನಾದ ಇರುವುದಿಲ್ಲ, ನಾನಿರುತ್ತೇನೆ... ಬರ್ತೀರಾ?