ಬೀಜ ಕಾದ ಕೈ

ಎಪ್ಪತ್ತರ ದಶಕದ ಆ ದೊಡ್ಡ ಬರ ಮುಗಿಯುವ ಹೊತ್ತಿಗೆ ಮನಗೂಳಿ ಹತ್ತಿರದ ನಮ್ಮೂರಿನ ಓಣಿಯಲ್ಲಿ ಉಳಿದಿದ್ದು ಎರಡೇ ಜೋಡಿ ಎತ್ತು. ಮಿಕ್ಕವರ ದನದ ಮನೆಗಳು ಬಣಗುಟ್ಟುತ್ತಿದ್ದವು. ನಾವು ಹೆಂಗಸರು ರಸ್ತೆ ಬದಿ ಕಲ್ಲು ಒಡೆದು, ಗಂಜಿ ಕೇಂದ್ರದ ಪಾಳಿಯಲ್ಲಿ ಗಂಗಾಳ ಹಿಡಿದು ನಿಲ್ಲುತ್ತಿದ್ದೆವು. ಸರ್ಕಾರ ಹಂಚಿದ ಕೆಂಪು ಜೋಳದ ರೊಟ್ಟಿ ಎಷ್ಟು ಬಡಿದರೂ ಅಗಲವಾಗುತ್ತಿರಲಿಲ್ಲ. ಇನ್ನೊಬ್ಬರ ಸೌಟು ನೋಡುತ್ತ ನಿಲ್ಲುವುದು ನನಗಂತೂ ಸಾಕಾಗಿತ್ತು.

ಮಳೆ ಬಿದ್ದ ವರ್ಷ ಓಣಿಯವರು ಕೂತು ಒಂದು ಮಾತಿಗೆ ಬಂದರು. ಯಾರ ಹೊಲ ಎಂದು ನೋಡದೆ, ಇದ್ದ ಎತ್ತಿನಲ್ಲೇ ಎಲ್ಲವನ್ನೂ ಒಟ್ಟಿಗೆ ಬಿತ್ತುವುದು. ಬೆಳೆ ಬಂದ ಮೇಲೆ ಮುಂದಿನ ವರ್ಷದ ಬೀಜವನ್ನು ಮೊದಲು ಹಗೇವಿಗೆ, ಅಂದರೆ ನೆಲದೊಳಗಿನ ಕಣಜಕ್ಕೆ ಇಳಿಸಿ, ಉಳಿದದ್ದನ್ನು ಹಂಚಿಕೊಳ್ಳುವುದು. ಎಲ್ಲ ಸರಿ, ಬಿತ್ತಲು ಬಿಳಿಜೋಳ ಎಲ್ಲಿತ್ತು? ಎಲ್ಲರೂ ತಿಂದು ಮುಗಿಸಿದ್ದರು. ತಪ್ಪೇನಲ್ಲ, ಮಕ್ಕಳು ಅಳುತ್ತಿದ್ದವು.

ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಬರದ ಮೊದಲ ವರ್ಷವೇ ಗಂಡ ಜ್ವರದಲ್ಲಿ ಹೋದ. ಅವನು ಆರಿಸಿಟ್ಟ ತೆನೆಗಳ ಕಾಳಿಗೆ ಬೂದಿ, ಬೇವಿನೆಲೆ ಬೆರೆಸಿ ನಾಲ್ಕು ದೊಡ್ಡ ಗಡಿಗೆಗಳಲ್ಲಿ ತುಂಬಿ, ಬಾಯಿಗೆ ಸಗಣಿ ಮೆತ್ತಿದ್ದೆ. ಅತ್ತೆಯೂ ನಾನೂ ಉಪವಾಸ ಮಲಗಿದ ದಿನಗಳಲ್ಲೂ ಅವನ್ನು ಮುಟ್ಟಲಿಲ್ಲ.

ಬಿತ್ತುವ ದಿನ ಬೆಳಿಗ್ಗೆ ಮೊದಲ ಗಡಿಗೆ ಹೊತ್ತು ಹೊಲಕ್ಕೆ ಹೋದೆ. ನಮ್ಮಲ್ಲಿ ಗಂಡಸರು ಕೂರಿಗೆ ಹೊಡೆದರೆ, ಹಿಂದೆ ನಡೆಯುತ್ತ ಅದರ ಬಟ್ಟಲಿಗೆ ಕಾಳು ಬಿಡುವವರು ಉಡಿ ಕಟ್ಟಿದ ಹೆಂಗಸರು. ನಾನು ಸೆರಗು ಬಿಗಿಯುವಷ್ಟರಲ್ಲಿ ಓಣಿಯ ಹಿರಿಯರು ತಡೆದರು.

"ಬೀಜ ಅಷ್ಟ ಕೊಡವಾ. ಬಿತ್ತಾಕ ಮುತ್ತೈದಿ ಕೈ ಬೇಕು."

ಮೈಯೆಲ್ಲ ಉರಿಯಿತು. ಗಡಿಗೆಯನ್ನು ಮತ್ತೆ ತಲೆಗೇರಿಸಿದೆ.

"ಇದನ್ನ ಕಾದದ್ದು ಇದ ಕೈರಿ. ಈ ಕೈ ಬ್ಯಾಡಂದ್ರ ಬೀಜಾನೂ ಇಲ್ಲ."

ಹಾಗಂದು ಮನೆ ಕಡೆ ತಿರುಗಿದೆ. ಒಳಗೊಳಗೆ ಹೆದರಿದ್ದೆ, ಸುಳ್ಳೇಕೆ ಹೇಳಲಿ. ಬಿಸಿಲೇರಿ ಎರೆ ಮಣ್ಣಿನ ಹದ ಹೋದರೆ ಓಣಿಗೆ ಓಣಿಯೇ ಮತ್ತೆ ಗಂಜಿ ಪಾಳಿಗೆ ನಿಲ್ಲಬೇಕು, ಆ ಪಾಪ ನನ್ನ ತಲೆಗೆ. ಆದರೂ ನಾನು ನಿಲ್ಲಲಿಲ್ಲ.

ದಾರಿಗೆ ಅಡ್ಡ ಬಂದವಳು ಅತ್ತೆ. ಮಗ ಸತ್ತ ದಿನ ನನ್ನ ಬಳೆ ಒಡೆದವಳು ಅವಳೇ. ಎಲ್ಲರೆದುರು ಬಯ್ಯುತ್ತಾಳೆಂದುಕೊಂಡೆ. ಅವಳು ಗಡಿಗೆ ಇಳಿಸಿ, ನನ್ನ ಸೆರಗನ್ನು ತಾನೇ ಉಡಿ ಕಟ್ಟಿ, ಬಳೆಯಿಲ್ಲದ ತನ್ನ ಕೈಗಳಿಂದ ಕಾಳು ತುಂಬಿದಳು.

"ಬಿತ್ತವಾ. ಹದ ಆರಾಕತ್ತೈತಿ."

ಆಮೇಲೆ ಯಾರ ಮುಖವನ್ನೂ ನೋಡದೆ ತಾನೂ ಉಡಿ ಕಟ್ಟಿದಳು. ಹಿರಿಯರು ಏರುತ್ತಿದ್ದ ಬಿಸಿಲು ನೋಡಿದರು, ನಮ್ಮಿಬ್ಬರನ್ನು ನೋಡಿದರು, ಕೂರಿಗೆ ಹೊಡೆಯಲು ಹೇಳಿದರು.

ಆ ವರ್ಷ ಹಗೇವು ತುಂಬಿತು. ಮುಂದಿನ ಬಿತ್ತನೆಗೆ ಅದರ ಬಾಯಿ ತೆರೆದಾಗ, ಮೊದಲ ಉಡಿ ನೀನೇ ಕಟ್ಟಿಕೋ ಎಂದು ಹಿರಿಯರೇ ಹೇಳಿದರು. ನಾನು ಕಟ್ಟಿಕೊಳ್ಳಲಿಲ್ಲ. ದೂರ ನಿಂತು ನೋಡುತ್ತಿದ್ದ, ಓಣಿಯ ಇನ್ನಿಬ್ಬರು ಗಂಡನಿಲ್ಲದ ಹೆಂಗಸರನ್ನು ಕರೆದೆ. ಅವರ ಉಡಿ ತುಂಬುವವರೆಗೆ ಕೂರಿಗೆ ಹೊರಡಲು ಬಿಡಲಿಲ್ಲ.