ದ್ವೀಪದ ಚಟ್ನಿಗೆ ಲಾಯ್ಕ, ನನ್ನ ಚಟ್ನಿಗೆ ಅಡ್ಡಿಯಿಲ್ಲ

ನನ್ನ ಅತ್ತೆ ಮಾಲ್ಡೀವ್ಸಿಗೆ ಹೋಗಿ ಬಂದರು. ನಾನು ಹೋಗಲಿಲ್ಲ. ಹೊಟ್ಟೆಕಿಚ್ಚಿನ ಕತೆ ಇಷ್ಟರಲ್ಲೇ ಮುಗಿಯಬೇಕಿತ್ತು, ಮುಗಿಯಲಿಲ್ಲ.

ಮೈದುನ ದುಬೈಯಲ್ಲಿದ್ದ. ಅವನ ಹೆಂಡತಿಯ ಬಾಣಂತನಕ್ಕೆಂದು ಅತ್ತೆಗೆ ಪಾಸ್‌ಪೋರ್ಟ್ ಮಾಡಿಸಿದ್ದರು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿತ್ತು. ರಜೆಯಲ್ಲಿ ಊರಿಗೆ ಬಂದ ಮೈದುನ, ಪಾಸ್‌ಪೋರ್ಟ್ ಸುಮ್ಮನೆ ಕಪಾಟಿನಲ್ಲಿ ಯಾಕೆ ಬಿದ್ದಿರಬೇಕು, ಅಮ್ಮನಿಗೆ ಒಂದು ದ್ವೀಪ ತೋರಿಸಿಕೊಂಡು ಬರುವ ಎಂದು ಹೆಂಡತಿ, ಮಗು, ತಾಯಿಯನ್ನು ಕರೆದುಕೊಂಡು ಹೊರಟೇಬಿಟ್ಟ. ನನಗೂ ನನ್ನ ಗಂಡನಿಗೂ ಪಾಸ್‌ಪೋರ್ಟ್ ಇರಲಿಲ್ಲ. ಇದ್ದಿದ್ದರೂ ಲಾಯಿಲದ ಮನೆಯಲ್ಲಿ ದನ ಕರೆಯುವವರು ಯಾರು, ಬೆಳ್ತಂಗಡಿ ಪೇಟೆಯ ನಮ್ಮ ಬಟ್ಟೆ ಅಂಗಡಿಯ ಬಾಗಿಲು ತೆಗೆಯುವವರು ಯಾರು? ನೀನೂ ಬರ್ತೀಯಾ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನೇ ಬೇಡ ಎನ್ನುತ್ತಿದ್ದೆ. ಆದರೆ ಕೇಳಬೇಕಿತ್ತು.

ಅದೂ ಹೋಗಲಿ. ದ್ವೀಪಕ್ಕಿಂತ ನನಗೆ ಉರಿದದ್ದು ಒಂದು ಮಾತಿಗೆ.

ನಾನು ಬೆಳುವಾಯಿಯಿಂದ ಈ ಮನೆಗೆ ಸೊಸೆಯಾಗಿ ಬಂದದ್ದು ತೊಂಬತ್ತರ ದಶಕದ ಮೊದಲಿಗೆ. ಬಂದ ಮರುದಿನದಿಂದಲೇ ಅಡುಗೆಮನೆ ನನ್ನ ಪಾಲಿಗೆ ಬಂತು. ಅತ್ತೆ ಒಲೆಯ ಹತ್ತಿರ ತನ್ನ ಮಣೆ ಹಾಕಿಕೊಂಡು ಕೂತು ಅಲ್ಲೇ ಉಣ್ಣುತ್ತಿದ್ದರು. ಬಂಗುಡೆ ಮೀನಿನ ಪದಾರ್ಥ ಮಾಡಿದರೆ "ಅಡ್ಡಿಯಿಲ್ಲ" ಎನ್ನುತ್ತಿದ್ದರು. ಪತ್ರೊಡೆಗೂ ಅಡ್ಡಿಯಿಲ್ಲ, ಕೋರಿ ರೊಟ್ಟಿಗೂ ಅಡ್ಡಿಯಿಲ್ಲ. ಅಂದರೆ ತಿನ್ನಲಿಕ್ಕೆ ಅಭ್ಯಂತರವಿಲ್ಲ, ಅಷ್ಟೇ. ನಮ್ಮ ಕಡೆ ಅದಕ್ಕಿಂತ ಮೇಲಿನ ಮಾತೊಂದಿದೆ, ಲಾಯ್ಕ. ಚೆನ್ನಾಗಿದೆ, ರುಚಿಯಾಗಿದೆ, ಇನ್ನೊಂದು ಸೌಟು ಹಾಕು, ಎಲ್ಲವೂ ಅದರೊಳಗೆ ಬಂತು. ಆ ಒಂದು ಮಾತನ್ನು ಅತ್ತೆಯ ಬಾಯಿಯಿಂದ ಕೇಳಬೇಕೆಂದು ನಾನು ತೆಂಗಿನಕಾಯಿ ಅರೆದದ್ದಕ್ಕೆ ಲೆಕ್ಕವಿಲ್ಲ.

ದ್ವೀಪದಿಂದ ಅತ್ತೆ ಬಂದರು. ನೋಡಲು ನೆರೆಕರೆಯವರೆಲ್ಲ ಬಂದರು. ಸಮುದ್ರದ ಬಗ್ಗೆ ಅತ್ತೆ ಹೇಳಿದ್ದು ಒಂದೇ ವಾಕ್ಯ: ನಮ್ಮ ಸಮುದ್ರದ ಹಾಗೆಯೇ, ಸ್ವಲ್ಪ ನೀಲಿ. ಉಳಿದದ್ದೆಲ್ಲ ಎಲ್ಲಿ ತಿನ್ನಬೇಕು, ಎಲ್ಲಿ ಕುಡಿಯಬೇಕು ಎಂಬುದೇ. ದೊಡ್ಡ ಹೋಟೆಲಿನಲ್ಲಿ ಬೆಳಗ್ಗೆ ಉದ್ದದ ಮೇಜಿನ ಮೇಲೆ ತಿಂಡಿ ಹರಡಿರುತ್ತಾರಂತೆ, ಅಲ್ಲಿ ಪಪ್ಪಾಯಿ ಮಾತ್ರ ತಿನ್ನಬೇಕಂತೆ, ಬೇರೆಯದಕ್ಕೆ ಕೈ ಹಾಕಬಾರದಂತೆ. ಮರಳಿನ ಮೇಲೆ ಕುರ್ಚಿ ಹಾಕಿದ ಇನ್ನೊಂದು ಜಾಗವಿದೆಯಂತೆ, ಕಾಲ ಬುಡಕ್ಕೆ ನೀರು ಬರುತ್ತದಂತೆ, ಅಲ್ಲಿ ಕುಡಿಯಲಿಕ್ಕೆ ಕೂರಬಹುದು, ಊಟಕ್ಕೆ ಕೂತರೆ ಹಸಿದುಕೊಂಡೇ ಏಳಬೇಕಂತೆ. ಬಣ್ಣದ ಶರಬತ್ತಿಗೆ ಕಾಗದದ ಕೊಡೆ ಸಿಕ್ಕಿಸಿ ಕೊಟ್ಟರೆ ಮೊದಲು ಮೂಸಿ ನೋಡಬೇಕಂತೆ. ಬೊಂಡದ ನೀರು ಲಾಯ್ಕವಂತೆ. ನಮ್ಮ ಹಿತ್ತಲ ತೆಂಗಿನ ಮರದಲ್ಲೇ ಬೊಂಡದ ಗೊನೆ ನೇತಾಡುತ್ತಿತ್ತು, ಅದಕ್ಕೆ ಈ ಮರ್ಯಾದೆ ಯಾವತ್ತೂ ಸಿಕ್ಕಿರಲಿಲ್ಲ. ಕೇಳುತ್ತಿದ್ದವರಲ್ಲಿ ಮಂಗಳೂರು ದಾಟದವರೂ ಇದ್ದರು. ಎಲ್ಲರೂ ನಾಳೆಯೇ ವಿಮಾನ ಹತ್ತುವವರ ಹಾಗೆ ತಲೆಯಾಡಿಸುತ್ತಿದ್ದರು. ಬಂದವರಿಗೆಲ್ಲ, ನೆಂಟರಿಗೆ ಕೊಡುವ ಕ್ರಮದಂತೆ, ಬೆಲ್ಲ ನೀರು ಕೊಟ್ಟು, ಚಹಾ ಮಾಡಿ, ಲೋಟ ತೊಳೆಯುತ್ತಿದ್ದವಳು ನಾನು.

ಕೊನೆಗೆ ಅತ್ತೆ ಮುಖ್ಯವಾದ ಜಾಗಕ್ಕೆ ಬಂದರು. ಒಂದು ದಿನ ದೋಣಿಯಲ್ಲಿ ಮೀನುಗಾರರ ಸಣ್ಣ ದ್ವೀಪಕ್ಕೆ ಹೋಗಿದ್ದರಂತೆ. ದೋಣಿ ನಿಲ್ಲುವಲ್ಲೇ ಒಂದು ಚಹಾದಂಗಡಿ. ಹೊಗೆಯಲ್ಲಿ ಒಣಗಿಸಿದ ಮೀನು, ತೆಂಗಿನ ತುರಿ, ನೀರುಳ್ಳಿ, ಹಸಿಮೆಣಸು, ಲಿಂಬೆಹುಳಿ ಹಾಕಿ ಕೈಯಲ್ಲೇ ಹಿಸುಕಿ ತೆಳ್ಳಗಿನ ರೊಟ್ಟಿಯೊಟ್ಟಿಗೆ ಕೊಟ್ಟರಂತೆ.

"ಲಾಯ್ಕ ಅಂದ್ರೆ ಲಾಯ್ಕ," ಎಂದರು ಅತ್ತೆ. "ಆ ದ್ವೀಪಕ್ಕೆ ಹೋದ್ರೆ ಬೇರೆ ಎಲ್ಲಿಗೂ ಹೋಗ್ಬೇಡಿ, ಅಲ್ಲೇ ತಿನ್ನಿ."

ಪಕ್ಕದ ಮನೆಯ ಬ್ಯಾರಿ ಹೆಂಗಸು ಒಳ್ಳೆಯವರು. ನಿಮ್ಮ ಸೊಸೆ ಮಾಡುವ ಒಣಮೀನಿನ ಚಟ್ನಿಯೂ ಹಾಗೇ ಅಲ್ಲವಾ ಎಂದು ಕೇಳಿಯೇಬಿಟ್ಟರು. ನಾನು ಬಾಗಿಲ ಹಿಂದೆ ಕಿವಿಗೊಟ್ಟು ನಿಂತೆ.

"ಇದು ಅಡ್ಡಿಯಿಲ್ಲ," ಎಂದರು ಅತ್ತೆ.

ನೋಡಿ, ನನಗೆ ಮೈಯೆಲ್ಲ ಉರಿದುಹೋಯಿತು. ಯಾವುದೋ ಸಮುದ್ರದ ನಡುವಿನ, ಹೆಸರು ಕೂಡ ಗೊತ್ತಿಲ್ಲದ ಒಬ್ಬ ಗಂಡಸು ಕೈಯಲ್ಲಿ ಹಿಸುಕಿ ಕೊಟ್ಟದ್ದಕ್ಕೆ ಲಾಯ್ಕ. ಇಷ್ಟು ವರ್ಷ ಈ ಒಲೆಯ ಮುಂದೆ ಬೆಂದವಳಿಗೆ ಅಡ್ಡಿಯಿಲ್ಲ. ಆ ಚಹಾದಂಗಡಿಯವನ ಮೇಲೆ ನಾನು ಮಾಡಿಕೊಂಡಷ್ಟು ಹೊಟ್ಟೆಕಿಚ್ಚನ್ನು ಹೆಂಗಸರು ಸವತಿಯ ಮೇಲೂ ಮಾಡಿಕೊಳ್ಳಲಿಕ್ಕಿಲ್ಲ.

ಮೈದುನನ ಹೆಂಡತಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಅದರ ರುಚಿ ಹೇಗಿತ್ತು ಹೇಳು ಎಂದೆ. ಅವಳಿಗೆ ನಗು. ಅದು ನಿಮ್ಮ ಚಟ್ನಿಯೇ ಅಕ್ಕ, ಹುಣಸೆಹುಳಿಗೆ ಬದಲು ಲಿಂಬೆ, ಅಷ್ಟೇ ಎಂದಳು. ಮರುದಿನವೇ ಲಿಂಬೆ ಹಿಂಡಿದೆ, ಕಲ್ಲಿನಲ್ಲಿ ಅರೆಯದೆ ಕೈಯಲ್ಲೇ ಹಿಸುಕಿದೆ, ರೊಟ್ಟಿಯನ್ನೂ ತೆಳ್ಳಗೆ ಲಟ್ಟಿಸಿದೆ. ಅತ್ತೆ ಮಣೆಯ ಮೇಲೆ ಕೂತು ತಟ್ಟೆಯಲ್ಲಿ ಚೂರೂ ಬಿಡದೆ ತಿಂದರು. ಇನ್ನೊಮ್ಮೆ ಹಾಕಿಸಿಕೊಂಡರು. ಕೈ ತೊಳೆಯುವಾಗ ಅದೇ ಮಾತು, ಅಡ್ಡಿಯಿಲ್ಲ.

ಅವತ್ತು ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. ನಾವು ಅತ್ತೆಯನ್ನು ಮಾಮಿ ಎಂದು ಕರೆಯುವುದು.

"ಅಲ್ಲ ಮಾಮಿ, ಅಲ್ಲಿಯದ್ದು ಲಾಯ್ಕ, ನಾನು ಮಾಡಿದ್ದು ಮಾತ್ರ ಯಾವಾಗಲೂ ಅಡ್ಡಿಯಿಲ್ಲವಾ?"

ಅತ್ತೆ ನನ್ನನ್ನು ವಿಚಿತ್ರವಾಗಿ ನೋಡಿದರು.

"ಎಂಥದ್ದು ಮಾರಾಯ್ತಿ? ಲಾಯ್ಕ ಅಂತ ಹೇಳುವುದು ಹೊರಗೆ ಉಂಡಾಗ. ನಮ್ಮ ಮನೆ ಅನ್ನಕ್ಕೆ ನಾವೇ ಹಾಗೆ ಹೇಳಿಕೊಳ್ತೇವಾ?"

ಒಳ್ಳೆಯ ನೆವ ಎಂದುಕೊಂಡೆ. ಪಾತ್ರೆಗಳನ್ನು ಬೇಕೆಂದೇ ಶಬ್ದ ಮಾಡಿ ತೊಳೆದೆ. ಹಿತ್ತಲಿನವರೆಗೆ ಕೇಳುವಷ್ಟು ಶಬ್ದ.

ಮತ್ತೆ ಕೆಲವು ವರ್ಷಗಳಲ್ಲಿ ಮೈದುನ ದುಬೈ ಬಿಟ್ಟು ಬಂದು ಬಂಟ್ವಾಳದಲ್ಲಿ ಮನೆ ಕಟ್ಟಿದ. ಮಕ್ಕಳು ಸಣ್ಣವರು, ನೋಡಿಕೊಳ್ಳಲು ಜನ ಬೇಕು ಎಂದು ಅತ್ತೆ ಅಲ್ಲಿಗೆ ಹೋದರು. ಜಗಳವಿಲ್ಲ, ಮುನಿಸಿಲ್ಲ. ಹೋಗುವಾಗ ಒಲೆಯ ಹತ್ತಿರದ ಮಣೆಯನ್ನೂ ಚೀಲಕ್ಕೆ ಹಾಕಿಕೊಂಡರು, ಅಲ್ಲಿ ಮೇಜಿನಲ್ಲಿ ಉಣ್ಣಲಿಕ್ಕೆ ತನಗಾಗುವುದಿಲ್ಲ ಎಂದು. ಸುಳ್ಳು ಯಾಕೆ ಹೇಳಲಿ, ನನಗೆ ಹಗುರವಾಯಿತು. ಇನ್ನು ಮನಸ್ಸಿಗೆ ಬಂದಷ್ಟು ಉಪ್ಪು ಹಾಕಿಕೊಂಡು ಉಣ್ಣಬಹುದು ಎಂದುಕೊಂಡೆ.

ತಿಂಗಳುಗಳ ಮೇಲೆ ಒಂದು ಮಧ್ಯಾಹ್ನ ಅತ್ತೆ ಬಂದರು. ಜಗಲಿಯಲ್ಲಿ ಕುರ್ಚಿಯ ಮೇಲೆ ಕೂತರು. ನಾನು ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಬೆಲ್ಲ, ಒಂದು ಚೊಂಬು ನೀರು ತಂದಿಟ್ಟೆ. ಇಟ್ಟ ಮೇಲೆಯೇ ತಿಳಿದದ್ದು, ಯಾರಿಗೆ ಇಟ್ಟೆ ಎಂದು. ಅತ್ತೆ ಒಂದು ತುಂಡು ಬೆಲ್ಲ ಬಾಯಿಗೆ ಹಾಕಿ ನೀರು ಕುಡಿದರು.

ಊಟಕ್ಕೆ ಕುಚ್ಚಲಕ್ಕಿ ಗಂಜಿ, ಮೊದಲಿನ ಹಾಗೆ ಹುಣಸೆಹುಳಿ ಹಾಕಿ ಅರೆದ ಒಣಮೀನಿನ ಚಟ್ನಿ. ಮಣೆ ಇರಲಿಲ್ಲ, ಹಾಗಾಗಿ ಮೇಜಿನಲ್ಲೇ ಬಡಿಸಿದೆ. ಅತ್ತೆ ನಿಧಾನವಾಗಿ ಉಂಡರು. ಕೈ ತೊಳೆಯಲು ಎದ್ದವರು ನನ್ನ ಕಡೆ ತಿರುಗಿ ಹೇಳಿದರು.

"ಚಟ್ನಿ ಲಾಯ್ಕುಂಟು ಆಯ್ತಾ. ಭಾರೀ ಲಾಯ್ಕುಂಟು."

ಸಂಜೆಯ ಬಸ್ಸಿಗೆ ಅವರನ್ನು ಹತ್ತಿಸಿ ಬಂದವಳು ಕೈಕಾಲು ಕೂಡ ತೊಳೆಯದೆ ಬಂಟ್ವಾಳಕ್ಕೆ ಫೋನ್ ಮಾಡಿದೆ. ಮಾಮಿ ಹೊರಟಿದ್ದಾರೆ ಎಂದು ಹೇಳಿ, ಹಾಗೇ ಮಾತಿಗೆಂಬಂತೆ, ಅಲ್ಲಿ ಊಟ ಸರಿಯಾಗಿ ಮಾಡುತ್ತಾರಾ ಎಂದು ಕೇಳಿದೆ. ಮೈದುನನ ಹೆಂಡತಿ ಇದಕ್ಕೇ ಕಾಯುತ್ತಿದ್ದಳೋ ಏನೋ.

"ಎಂಥ ಹೇಳುವುದಕ್ಕ," ಎಂದಳು. "ಎಷ್ಟು ಒಳ್ಳೆಯದು ಮಾಡಿ ಹಾಕಿದ್ರೂ ಅಡ್ಡಿಯಿಲ್ಲ ಅಂತಾರೆ, ಅಷ್ಟೇ."

ನನ್ನ ಹೊಟ್ಟೆ ಧಗಧಗ ಉರಿಯಿತು.