ಮೊದಲು ಮಾಡೆಲ್, ಆಮೇಲೆ ಸ್ಕೆಚ್

ಆರ್ಕಿಟೆಕ್ಚರ್ ಓದುವ ಹುಡುಗರು ವಿಜಯನಗರದ ನನ್ನ ಸ್ಟೇಷನರಿ ಅಂಗಡಿಗೆ ಬಂದರೆ ಗಲ್ಲಾಪೆಟ್ಟಿಗೆಗೆ ಹಬ್ಬ, ನನಗೆ ವಾಕರಿಕೆ. ಫೋಮ್ ಬೋರ್ಡ್ ತಟ್ಟಿ ನೋಡುತ್ತಾರೆ, ಬ್ಲೇಡಿನ ಹರಿತ ಪರೀಕ್ಷಿಸುತ್ತಾರೆ, ಕೊನೆಗೆ ದನಿ ತಗ್ಗಿಸಿ, "ಅಂಕಲ್, ಆ ಮಾಡೆಲ್ ಮಾಡ್ಕೊಡೋ ಅಣ್ಣನ ನಂಬರ್ ಇದ್ಯಾ?" ಎನ್ನುತ್ತಾರೆ.

ಆ ಅಣ್ಣ ಮೂಡಲಪಾಳ್ಯದ ವೆಂಕಟಗಿರಿ. ಅವನಪ್ಪ ಬಿನ್ನಿಪೇಟೆಯ ಮಿಲ್ಲಿನಲ್ಲಿ ಬಡಗಿ. ಮಿಲ್ಲು ಮುಚ್ಚಿತು, ಕೈಗುಣ ಮಗನಿಗೆ ಬಂತು. ಬೋರ್ಡಿನ ಮೇಲಿನ ಕಾಗದ ಉಳಿಸಿ ಒಳಗಿನ ಫೋಮ್ ಮಾತ್ರ ಕೆರೆದು ಮಡಿಸಿದನೆಂದರೆ ಗೋಡೆಯ ಮೂಲೆಯಲ್ಲಿ ಕೂದಲೆಳೆಯಷ್ಟೂ ಸಂದು ಕಾಣದು. ಹನ್ನೆರಡು ವರ್ಷ ನಾಗರಭಾವಿ ಕಡೆಯ ಒಂದು ಕಾಲೇಜಿನ ಹುಡುಗರು ಒಪ್ಪಿಸಿದ ಮ್ಯೂಸಿಯಂ ಮಾಡೆಲ್ಲುಗಳಲ್ಲಿ ಅರ್ಧ, ಆಸ್ಪತ್ರೆಗಳಲ್ಲಿ ಮುಕ್ಕಾಲು ಹುಟ್ಟಿದ್ದು ಅವನ ಶೀಟಿನ ಮನೆಯಲ್ಲೇ. "ಮೆಟ್ಟಿಲೇ ಇಲ್ವಲ್ಲೋ ಮಗಾ, ಪೇಷಂಟ್‌ಗಳು ಮೇಲಕ್ಕೆ ಹಾರ್ಕೊಂಡ್ ಹೋಗ್ತಾರಾ?" ಎಂದು ಹುಡುಗರನ್ನು ಬೈದು ಮೆಟ್ಟಿಲನ್ನೂ ತಾನೇ ಸೇರಿಸುತ್ತಿದ್ದ.

ಹೇಸಿಗೆ ಹುಟ್ಟಿಸುವುದು ಇದಲ್ಲ, ಇದರ ಮುಂದಿನದು. ಸ್ಟುಡಿಯೋ ಎಂಬ ಅವರ ಡಿಸೈನ್ ಕ್ಲಾಸಿನಲ್ಲಿ ಬರೀ ಮಾಡೆಲ್ ಸಾಲದು. ಐಡಿಯಾ ಹೇಗೆ ಬೆಳೆಯಿತೆಂದು ತೋರಿಸುವ ಕಚ್ಚಾ ಸ್ಕೆಚ್ಚುಗಳೂ ಬೇಕು. ಈ ಪುಣ್ಯಾತ್ಮರು ಸಿದ್ಧ ಮಾಡೆಲ್ ಮನೆಗೆ ಬಂದ ಮೇಲೆ ಅದನ್ನೇ ನೋಡಿಕೊಂಡು ಬೇಕೆಂದೇ ತಪ್ಪುತಪ್ಪಾಗಿ ಗೀಚುತ್ತಾರೆ. ನಿದ್ದೆಗೆಟ್ಟು ದುಡಿದಂತೆ ಕಾಣಲೆಂದು ಮೇಲೊಂದು ಟೀ ಲೋಟ ಒತ್ತುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಕಂಡಿದ್ದೆ. ಕೂಸು ಹುಟ್ಟಿದ ಮೇಲೆ ಬಸುರಿಯ ಫೋಟೋ ತೆಗೆಸುವವರನ್ನು ಇಲ್ಲೇ ಕಂಡಿದ್ದು.

ವೆಂಕಟಗಿರಿಯ ಮಗಳು ಬಿಂದುಶ್ರೀಯೂ ಅದೇ ಕಾಲೇಜಿನಲ್ಲಿ ನಾಲ್ಕನೇ ವರ್ಷ. ಹೋದ ವರ್ಷ ಅವರಿಗೆ ಕೊಟ್ಟ ವಿಷಯ ತರಕಾರಿ ಮಾರುಕಟ್ಟೆ. "ಅಪ್ಪ, ನಂದನ್ನ ನೀನು ಮುಟ್ಟಂಗಿಲ್ಲ" ಎಂದು ಕರಾರು ಹಾಕಿ ತಾನೇ ಕೂತು ಮಾಡಿದಳು. ಪೆನ್ಸಿಲ್ ಹಿಡಿಯಲಿಲ್ಲ, ಅಪ್ಪನಿಂದಲೇ ಮೂಲೆ ಮಡಿಸಲು ಕಲಿತು, ಅವನಂತೆ ಬೋರ್ಡ್ ಕತ್ತರಿಸುತ್ತಲೇ ಯೋಚಿಸುವವಳು. ಪಕ್ಕದಲ್ಲಿ ಅಪ್ಪ ಅವಳ ಸಹಪಾಠಿಗಳ ಎಂಟು ಮಾರುಕಟ್ಟೆ ಕಟ್ಟುತ್ತಿದ್ದ.

ಪರೀಕ್ಷಕರು ಬಂದರು. ಒಂಬತ್ತು ಮಾಡೆಲ್ಲುಗಳ ಮೂಲೆಯೂ ಒಂದೇ ಥರ. ಅನುಮಾನ ಬಂತು, ಸ್ಕೆಚ್ ತೋರಿಸಿ ಎಂದರು. ಎಂಟು ಜನ ಟೀ ಕಲೆಯ ಸಮೇತ ತೋರಿಸಿದರು. ಬಿಂದುಶ್ರೀ ಹತ್ತಿರ ಒಂದೂ ಇಲ್ಲ. ಹಾಗಾದರೆ ದುಡ್ಡು ಕೊಟ್ಟು ಮಾಡಿಸಿದವಳು ಇವಳೇ ಎಂದು ತೀರ್ಮಾನವಾಯಿತು. ಅವಳೊಬ್ಬಳೇ ಫೇಲು, ವರ್ಷವೇ ಹೋಗುವ ಹಾಗಾಯಿತು. "ಬ್ಯಾಡ್ ಲಕ್ ಕಣೇ" ಎಂದು ಸಮರ್ಥ ಎಂಬ ಸಹಪಾಠಿ ಮರುಗಿದನಂತೆ. ಅವನ ಮಾರುಕಟ್ಟೆಗೆ ಬಾಗಿಲಿಟ್ಟವನು ವೆಂಕಟಗಿರಿ.

ಮರುದಿನ ವೆಂಕಟಗಿರಿ ಮಗಳನ್ನೂ, ಸಾಕ್ಷಿಗೆಂದು ಬೋರ್ಡ್ ಮಾರಿದ ನನ್ನನ್ನೂ ಕರೆದುಕೊಂಡು ವಿಭಾಗದ ಮುಖ್ಯಸ್ಥ ಗೋಪೀನಾಥರ ಮುಂದೆ ನಿಂತ.

"ಸಾರ್, ಆ ಎಂಟೂ ನಾನು ಮಾಡಿದ್ದು. ಇದೊಂದನ್ನೇ ಮುಟ್ಟಿಲ್ಲ."

ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಎದ್ದು ಬಾಗಿಲು ಮುಚ್ಚಿದರು. "ಗೊತ್ತು ಕಣ್ರೀ. ಎಂಟು ಜನನ್ನ ಫೇಲ್ ಮಾಡಿದ್ರೆ ಕಾಲೇಜಿನ ಮರ್ಯಾದೆ ಏನಾಗುತ್ತೆ? ನಿಮ್ಮ ಮಗಳನ್ನ ಇನ್ನೊಂದ್ಸಲ ಪರೀಕ್ಷೆಗೆ ಕೂರ್ಸಿ ಪಾಸ್ ಮಾಡ್ತೀನಿ. ವಿಷಯ ಇಲ್ಲಿಗೇ ಬಿಡಿ." ನಕ್ಕು ಸೇರಿಸಿದರು. "ಅಂದ ಹಾಗೆ, ನಮ್ದು ಹೊಸ ಬ್ಲಾಕ್ ಬರ್ತಾ ಇದೆ. ಅದ್ರ ಮಾಡೆಲ್ ನೀವೇ ಮಾಡ್ಕೊಡಿ."

ವೆಂಕಟಗಿರಿ ಆಗಲಿ ಎಂದು ತಲೆಯಾಡಿಸಿಯೇ ಬಿಟ್ಟ. ನಾನಾಗಿದ್ದರೂ ಆಡಿಸುತ್ತಿದ್ದೆ.

"ನಿನ್ನೆ ಯಾರೋ ಮಾಡ್ಕೊಟ್ರು ಅಂತ ಫೇಲ್ ಮಾಡಿದ್ರಿ ಸಾರ್," ಎಂದಳು ಬಿಂದುಶ್ರೀ. "ಇವತ್ತು ಬಾಯ್ಮುಚ್ಕೊಂಡಿರ್ತೀನಿ ಅಂತ ಪಾಸ್ ಮಾಡ್ತಿದೀರ. ನನ್ನ ಮಾಡೆಲ್ ನೋಡೋದು ಯಾವಾಗ?"

ಮುಚ್ಚಿದ ಬಾಗಿಲು ತೆಗೆದು ಹೊರಟುಹೋದಳು.

ಆ ಮರುಪರೀಕ್ಷೆಗೆ ಕೂರದೆ ಈಗ ಜೂನಿಯರ್‌ಗಳ ಜೊತೆ ಅದೇ ವರ್ಷ ಮತ್ತೆ ಓದುತ್ತಿದ್ದಾಳೆ. ಮಗಳು ಮೂರು ವಾರ ಮಾತು ಬಿಟ್ಟಾಗ ವೆಂಕಟಗಿರಿ ಹುಡುಗರ ಆರ್ಡರನ್ನೂ, ಗೋಪೀನಾಥರದನ್ನೂ ಬಿಟ್ಟ. ಬಸವೇಶ್ವರನಗರದ ಮನೆಗಳಿಗೆ ದೇವರ ಮಂಟಪ ಮಾಡಿಕೊಡುತ್ತಾನೆ. ಹೊಸ ಬ್ಲಾಕಿನ ಮಾಡೆಲ್ಲನ್ನು ಕೆಂಗೇರಿಯ ಇನ್ಯಾರೋ ಮಾಡಿದರು. ಕಾಲೇಜಿನ ಹೆಬ್ಬಾಗಿಲಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದಾರೆ. ಕೆಳಗೆ ಹಿತ್ತಾಳೆ ಫಲಕ: ನಮ್ಮ ವಿದ್ಯಾರ್ಥಿಗಳ ಕೈಕೆಲಸ.